ಕುರಿಗಳಿಗೆ ಒಣಮೇವಿನ ಉಪಚಾರವೂ ಪುಷ್ಟಿತಿಂಡಿಯೂ: ಲಾಭನಷ್ಟಗಳ ವಿಚಾರ

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಬಯಲುಸೀಮೆಯ ಗ್ರಾಮಗಳಲ್ಲಿ ಎರಡು ನೋಟಗಳು ಒಟ್ಟಿಗೆ ಕಾಣಬರುವುವು. ಒಂದು ಕಡೆ ಜಮೀನುದಾರರ ಹಿತ್ತಲುಗಳಲ್ಲಿ ರಾಗಿಹುಲ್ಲಿನ ಮೆದೆಗಳೂ, ಜೋಳದ ಸೊಪ್ಪೆಯ ಬಣವೆಗಳೂ, ಹುರುಳಿ, ತೊಗರಿ, ಅವರೆಗಳ ಹೊಟ್ಟಿನ ರಾಶಿಗಳೂ ನಿಂತಿರುವುವು. ಮತ್ತೊಂದು ಕಡೆ, ಗೋಮಾಳದ ಹುಲ್ಲು ಒಣಗಿಹೋಯಿತೆಂದೂ ಬೇಸಗೆಯಲ್ಲಿ ಮರಿಗಳು ಸೊರಗುವುವೆಂದೂ ಹೆದರಿ, ಕುರಿ ಸಾಕುವವರು ಆರು ತಿಂಗಳ ಟಗರುಮರಿಗಳನ್ನು ದಲ್ಲಾಳಿಯು ಹೇಳಿದ ಬೆಲೆಗೆ ಒಪ್ಪಿಸಿಬಿಡುವರು. ಮೇವುಳ್ಳವರಿಗೆ ಮರಿಗಳಿಲ್ಲ, ಮರಿಗಳುಳ್ಳವರಿಗೆ ಮೇವಿಲ್ಲ. ಇವೆರಡನ್ನೂ ಒಂದು ರೊಪ್ಪದಲ್ಲಿ ಕೂಡಿಸಿ ಮೂರು ತಿಂಗಳ ಕಾಲ ಮೇಯಿಸಿದರೆ ಹಣ ಉಳಿಯುವುದೋ ಹೋಗುವುದೋ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ವಿಚಾರವು ಅಲ್ಪವಾದುದಲ್ಲ. 2019ನೆಯ ಇಸವಿಯ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 7 ಕೋಟಿ 42 ಲಕ್ಷ ಕುರಿಗಳಿದ್ದುವು. ಅವುಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಕರ್ನಾಟಕದವು. ತೆಲಂಗಾಣ, ಆಂಧ್ರಪ್ರದೇಶಗಳ ತರುವಾಯ ಮೂರನೆಯ ಸ್ಥಾನ ಈ ರಾಜ್ಯಕ್ಕೆ ಸಂದಿತ್ತು. ಬಂಡೂರು, ಹಾಸನ, ಬಳ್ಳಾರಿ, ಕೆಂಗುರಿ, ದಖನಿ ಮುಂತಾದ ತಳಿಗಳು ಆಯಾ ಸೀಮೆಯ ಬಿಸಿಲಿಗೂ ಮೇವಿಗೂ ಒಗ್ಗಿದವು. ತಳಿ ಎಷ್ಟೇ ಒಳ್ಳೆಯದಾದರೂ ಹೊಟ್ಟೆಗೆ ಬೀಳದಿದ್ದರೆ ಮೈ ತುಂಬಲಾರದು.

ಒಣಮೇವಿನ ಗುಣದೋಷಗಳು

ಭತ್ತದ ಹುಲ್ಲು, ರಾಗಿಹುಲ್ಲು, ಜೋಳದ ಸೊಪ್ಪೆ ಇವುಗಳಲ್ಲಿ ಶಕ್ತಿ ಇಲ್ಲವೆಂದು ಹೇಳುವುದು ಸರಿಯಲ್ಲ. ಶಕ್ತಿ ಉಂಟು, ಆದರೆ ಅದು ಮರದಂತೆ ಗಡುಸಾದ ನಾರಿನೊಳಗೆ ಸಿಕ್ಕಿಕೊಂಡಿರುವುದು. ಕುರಿಯ ಮೊದಲನೆಯ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳಿದ್ದು, ನಾರನ್ನು ಅರಗಿಸುವ ಕೆಲಸವನ್ನು ಅವೇ ನಡೆಸುವುವು. ಆ ಜೀವಿಗಳಿಗೆ ಸಾರಜನಕವು ಬೇಕು. ಮೇವಿನಲ್ಲಿ ಸಸಾರಜನಕ ಪದಾರ್ಥವು ನೂರಕ್ಕೆ ಸುಮಾರು 7 ಪಾಲಿಗಿಂತ ಕಡಮೆಯಾದರೆ ಅವು ಸೋತು, ನಾರು ಅರಗದೆ ಹೊಟ್ಟೆಯಲ್ಲಿಯೇ ನಿಲ್ಲುವುದು. ಹೊಟ್ಟೆ ತುಂಬಿದಂತೆ ಕಂಡರೂ ಮರಿಯ ಬೆನ್ನುಮೂಳೆ ಎದ್ದುಕಾಣುವುದಕ್ಕೆ ಇದೇ ಕಾರಣ. ಭತ್ತದ ಹುಲ್ಲಿನಲ್ಲಿಯೂ ರಾಗಿಹುಲ್ಲಿನಲ್ಲಿಯೂ ಈ ಪದಾರ್ಥವು ಸಾಮಾನ್ಯವಾಗಿ ನೂರಕ್ಕೆ 3ರಿಂದ 4 ಪಾಲು ಮಾತ್ರ ಇರುವುದು. ಇವೆರಡರಲ್ಲಿ ರಾಗಿಹುಲ್ಲು ಹೆಚ್ಚಾಗಿ ಅರಗತಕ್ಕದ್ದು.

ದ್ವಿದಳ ಧಾನ್ಯಗಳ ಉಳಿಕೆಯ ಸ್ಥಿತಿ ಬೇರೆ. ಕಡಲೆಕಾಯಿ ಬಳ್ಳಿಯನ್ನು ಎಲೆ ಉದುರದಂತೆ ನೆರಳಿನಲ್ಲಿ ಒಣಗಿಸಿಟ್ಟರೆ ಅದರಲ್ಲಿ ನೂರಕ್ಕೆ 8ರಿಂದ 12 ಪಾಲು ಸಸಾರಜನಕವು ದೊರೆಯುವುದು. ಹುರುಳಿಯ ಹೊಟ್ಟು, ಎಲೆ ಬೆರೆತ ತೊಗರಿಯ ಹೊಟ್ಟು, ಅವರೆಯ ಹೊಟ್ಟು ಇವುಗಳನ್ನು ಕುರಿಗಳು ಹುಲ್ಲಿಗಿಂತ ಆಸೆಯಿಂದ ತಿನ್ನುವುವು. ಹೀಗಿರುವಲ್ಲಿ ಅನೇಕ ಗ್ರಾಮಗಳಲ್ಲಿ ಈ ಹೊಟ್ಟು ಕಣದ ಅಂಚಿನಲ್ಲಿ ಮಳೆಗೆ ನೆನೆದು ಕೊಳೆಯುವುದು, ಇಲ್ಲವೆ ಬೆಂಕಿಗೆ ಆಹುತಿಯಾಗುವುದು. ಮನೆಯಲ್ಲಿರುವ ಹಿಂಡಿಯನ್ನು ಬೀದಿಗೆ ಚೆಲ್ಲಿ ಅಂಗಡಿಯಿಂದ ಹಿಂಡಿ ತರುವುದಕ್ಕೂ ಇದಕ್ಕೂ ಭೇದವಿಲ್ಲ.

ಉಪಚಾರದ ಪೂರ್ವಕಥೆ

ಗಡುಸಾದ ಹುಲ್ಲನ್ನು ಕ್ಷಾರದಿಂದ ಮೆದುಗೊಳಿಸಬಹುದೆಂಬ ಸಂಗತಿ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಮೇವಿನ ಅಭಾವದ ತರುವಾಯ, 1920ರ ಸುಮಾರಿನಲ್ಲಿ, ಜರ್ಮನಿಯ ರಸಾಯನಶಾಸ್ತ್ರಜ್ಞ ಅರ್ನ್‌ಸ್ಟ್ ಬೆಕ್ಮನ್ನನು ಹುಲ್ಲನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ನೆನೆಯಿಸಿ ತೊಳೆಯುವ ಕ್ರಮವನ್ನು ಪ್ರಚಾರಕ್ಕೆ ತಂದನು. ಹುಲ್ಲು ಚೆನ್ನಾಗಿ ಅರಗುತ್ತಿತ್ತು. ಆದರೆ ತೊಳೆಯಲು ಹೇರಳವಾಗಿ ನೀರು ಬೇಕಾಗಿ, ಹುಲ್ಲಿನ ಸತ್ವದಲ್ಲಿ ಒಂದು ಭಾಗ ಆ ನೀರಿನೊಡನೆ ಹರಿದುಹೋಗುತ್ತಿತ್ತು. ಬೇಸಗೆಯಲ್ಲಿ ಕುಡಿಯುವ ನೀರಿಗೇ ತೊಂದರೆಯಿರುವ ಸೀಮೆಗೆ ಅದು ಹೊಂದತಕ್ಕ ಕ್ರಮವಲ್ಲ.

ಯೂರಿಯಾ ಗೊಬ್ಬರದಿಂದ ಮಾಡುವ ಉಪಚಾರವು ಅದಕ್ಕಿಂತ ಸುಲಭವಾದುದು. ಯೂರಿಯಾವು ಮುಚ್ಚಿದ ತೇವದ ಹುಲ್ಲಿನಲ್ಲಿ ಅಮೋನಿಯಾ ಆಗಿ ಮಾರ್ಪಟ್ಟು ನಾರನ್ನು ಸಡಿಲಗೊಳಿಸುವುದು, ತೊಳೆಯುವ ಕೆಲಸವಿಲ್ಲ, ಜೊತೆಗೆ ಸಾರಜನಕವೂ ಸೇರುವುದು. ಸರಿಯಾಗಿ ಉಪಚರಿಸಿದ ಹುಲ್ಲಿನ ಸಸಾರಜನಕವು ನೂರಕ್ಕೆ 7ರಿಂದ 8 ಪಾಲಿನವರೆಗೆ ಏರುವುದು. ಅರಗುವ ಅಂಶವೂ ಹೆಚ್ಚುವುದು, ಕುರಿಗಳು ತಿನ್ನುವ ಪ್ರಮಾಣವೂ ಹೆಚ್ಚುವುದು. ಆದರೆ ಹಾಕಿದ ಸಾರಜನಕವೆಲ್ಲವೂ ಹುಲ್ಲಿನಲ್ಲಿ ನಿಲ್ಲುವುದಿಲ್ಲ. ಹೆಚ್ಚಿನ ಪಾಲು ಬಣವೆ ತೆರೆದಾಗ ಘಾಟಾಗಿ ಗಾಳಿಯಲ್ಲಿ ಹೋಗುವುದೆಂಬುದನ್ನು ಲೆಕ್ಕ ಹಾಕುವವರು ಮರೆಯಬಾರದು.

ಉಪಚರಿಸುವ ಕ್ರಮ

ನೂರು ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ, ಸುಮಾರು 50 ಲೀಟರು ನೀರು, ಇದು ಪ್ರಮಾಣ. ಜೋಳದ ಸೊಪ್ಪೆಯಾದರೆ ಮೊದಲು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸತಕ್ಕದ್ದು. ಗಟ್ಟಿನೆಲದ ಮೇಲೆ ಒಂದು ಗೇಣಿನಷ್ಟು ಹುಲ್ಲನ್ನು ಹರಡಿ, ಯೂರಿಯಾ ಪೂರ್ತಿಯಾಗಿ ಕರಗಿದ ನೀರನ್ನು ಹೂಕುಂಡಕ್ಕೆ ನೀರು ಚಿಮುಕಿಸುವಂತೆ ಸಮನಾಗಿ ಚಿಮುಕಿಸಿ, ಕಾಲಿನಿಂದ ಚೆನ್ನಾಗಿ ತುಳಿದು, ಅದರ ಮೇಲೆ ಮತ್ತೊಂದು ಪದರವನ್ನು ಹರಡುತ್ತ ಹೋಗಬೇಕು. ಕೊನೆಗೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಸುತ್ತಲೂ ಮಣ್ಣಿನಿಂದ ಗಾಳಿಯಾಡದಂತೆ ಮೆತ್ತಬೇಕು. 21 ದಿನಗಳವರೆಗೆ ಅದನ್ನು ಮುಟ್ಟಬಾರದು.

ತೆರೆದಾಗ ಹುಲ್ಲು ಕಂದುಬೆರೆತ ಹಳದಿ ಬಣ್ಣಕ್ಕೆ ತಿರುಗಿ, ಕೈಗೆ ಮೆತ್ತಗಿದ್ದು, ಮೂಗಿಗೆ ಖಾರವಾದ ವಾಸನೆ ಬಡಿದರೆ ಉಪಚಾರವು ಸಿದ್ಧಿಸಿತೆಂದು ತಿಳಿಯಬಹುದು. ಬೂಸ್ಟು ಹಿಡಿದ ಭಾಗವನ್ನು ತಿಪ್ಪೆಗೆ ಹಾಕತಕ್ಕದ್ದು. ಒಂದು ದಿನಕ್ಕೆ ಬೇಕಾದಷ್ಟನ್ನೇ ತೆಗೆದು, ಕೆಲವು ಗಂಟೆಗಳ ಕಾಲ ಗಾಳಿಗೆ ಹರಡಿ, ಘಾಟು ಇಳಿದ ಮೇಲೆ ಕೊಡಬೇಕು. ಮೊದಲ ವಾರ ಹತ್ತು ದಿನ ಸಾಧಾರಣ ಹುಲ್ಲಿನೊಡನೆ ಬೆರೆಸಿ ಅಭ್ಯಾಸಮಾಡಿಸಬೇಕು.

ಉಪಚಾರವು ಗಡುಸಾದ ಒಣಹುಲ್ಲಿಗೆ ಮಾತ್ರ. ಕಡಲೆಕಾಯಿ ಬಳ್ಳಿಗೂ ಹೊಟ್ಟಿಗೂ ಅದು ಬೇಕಿಲ್ಲ. ಹಸಿರು ಇರುವಾಗಲೇ ಕೊಯ್ದ ಸತ್ವವುಳ್ಳ ಮೇವಿಗೆ ಯೂರಿಯಾ ಹಾಕಿ ಮುಚ್ಚಿದರೆ ಅದರಲ್ಲಿ ವಿಷಪದಾರ್ಥ ಹುಟ್ಟಿ ಪಶುಗಳು ಹುಚ್ಚೆದ್ದಂತೆ ಓಡಾಡುವುದುಂಟು. ಯೂರಿಯಾ ಕರಗಿಸಿದ ನೀರಿನ ತೊಟ್ಟಿಯನ್ನು ಪಶುಗಳ ಬಾಯಿಗೆ ಸಿಕ್ಕುವಂತೆ ಬಿಡಲೇಕೂಡದು. ಅದನ್ನು ಕುಡಿದ ಕುರಿಯು ಹೊಟ್ಟೆ ಉಬ್ಬಿ, ನಡುಗಿ, ಅಲ್ಪಕಾಲದಲ್ಲಿಯೇ ಸಾಯುವ ಅಪಾಯವುಂಟು. ಅಂತಹ ಸಮಯದಲ್ಲಿ ಪಶುವೈದ್ಯರಿಗೆ ಕೂಡಲೇ ಹೇಳಿಕಳುಹಿಸಬೇಕು. ಆರು ತಿಂಗಳು ತುಂಬದ ಮರಿಗಳಿಗೆ ಉಪಚರಿಸಿದ ಹುಲ್ಲನ್ನು ಕೊಡದಿರುವುದೇ ಕ್ಷೇಮ.

ಪುಷ್ಟಿತಿಂಡಿ

ಹುಲ್ಲನ್ನು ಎಷ್ಟು ಉಪಚರಿಸಿದರೂ ಅದೊಂದರಿಂದಲೇ ಮರಿಯು ಮಾರಾಟಕ್ಕೆ ತಕ್ಕಂತೆ ಮೈ ತುಂಬಿಕೊಳ್ಳಲಾರದು. ಜೊತೆಗೆ ತಿಂಡಿ ಬೇಕು. ಮನೆಯಲ್ಲಿಯೇ ಕೂಡಿಸಬಹುದಾದ ನೂರು ಕೆ.ಜಿ. ತಿಂಡಿಗೆ ಜೋಳದ ಇಲ್ಲವೆ ಮೆಕ್ಕೆಜೋಳದ ನುಚ್ಚು 40, ಕಡಲೆಕಾಯಿ ಹಿಂಡಿ 25, ಗೋಧಿಬೂಸಾ 32, ಖನಿಜಮಿಶ್ರಣ 2, ಉಪ್ಪು 1 ಕೆ.ಜಿ. ಸೇರಿಸಬಹುದು. ಇದರಲ್ಲಿ ಸಸಾರಜನಕವು ನೂರಕ್ಕೆ ಸುಮಾರು 18 ಪಾಲು ಬರುವುದು. ಉಪಚರಿಸಿದ ಹುಲ್ಲನ್ನು ಕೊಡುವಾಗ ಈ ತಿಂಡಿಗೆ ಮತ್ತೆ ಯೂರಿಯಾ ಬೆರೆಸಬಾರದು. ಖನಿಜಮಿಶ್ರಣವನ್ನು ಕುರಿಗಳಿಗೆಂದೇ ಮಾಡಿದುದನ್ನು ಕೊಳ್ಳಬೇಕು. ದನಗಳ ಮಿಶ್ರಣದಲ್ಲಿರುವ ತಾಮ್ರದ ಅಂಶವನ್ನು ಕುರಿಯು ತಾಳಲಾರದು. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು. ಅದರ ವಿಷವು ಯಕೃತ್ತಿಗೆ ಹಾನಿಮಾಡುವುದು. ಬೂಸಾ, ತೌಡುಗಳೇ ಅತಿಯಾದರೆ ಟಗರುಮರಿಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುವುದುಂಟು. ಆದುದರಿಂದ ಶುದ್ಧವಾದ ನೀರು ಯಾವಾಗಲೂ ಮುಂದಿರಬೇಕು.

ಲೆಕ್ಕದ ತಃಖ್ತೆ

ಆರು ತಿಂಗಳು ತುಂಬಿದ, ತಲಾ 14 ಕೆ.ಜಿ. ತೂಗುವ 20 ಟಗರುಮರಿಗಳನ್ನು 90 ದಿನ ಕಟ್ಟಿ ಮೇಯಿಸುವುದೆಂದು ಇಟ್ಟುಕೊಳ್ಳಬಹುದು. ಪ್ರತಿಮರಿಗೆ ದಿನಕ್ಕೆ 250 ಗ್ರಾಂ ತಿಂಡಿ, 450 ಗ್ರಾಂ ಉಪಚರಿಸಿದ ಹುಲ್ಲು. ತೂಕದ ಏರಿಕೆ ದಿನಕ್ಕೆ 90 ಗ್ರಾಂ. ಬೆಲೆಗಳನ್ನು ಲೆಕ್ಕದ ಅನುಕೂಲಕ್ಕಾಗಿ ಹೀಗೆ ಹಿಡಿದಿದೆ: ಜೀವತೂಕ ಕೆ.ಜಿ.ಗೆ 350 ರೂ., ತಿಂಡಿ 30 ರೂ., ಹುಲ್ಲು 4 ರೂ. ಓದುವವರು ಇವುಗಳ ಸ್ಥಳದಲ್ಲಿ ತಮ್ಮ ಸಂತೆಯ ಧಾರಣೆಯನ್ನು ಹಾಕಿ ನೋಡತಕ್ಕದ್ದು.

ಮರಿಗಳ ಮೊದಲ ಬೆಲೆ: 98,000 ರೂ.
ತಿಂಡಿ, 450 ಕೆ.ಜಿ.: 13,500 ರೂ.
ಹುಲ್ಲು, 810 ಕೆ.ಜಿ.: 3,240 ರೂ.
ಉಪಚಾರಕ್ಕೆ ಯೂರಿಯಾ 200, ಎರಡು ಆಳಿನ ಕೂಲಿ 1,000, ಹಾಳೆಯ ಸವಕಳಿ 500: ಒಟ್ಟು 1,700 ರೂ.
ಲಸಿಕೆ, ಜಂತುವಿನ ಔಷಧ: 800 ರೂ.
ನೋಡಿಕೊಳ್ಳುವವರ ಕೂಲಿ, ದಿನಕ್ಕೆ 100ರಂತೆ: 9,000 ರೂ.
ಮೊದಲ ಬೆಲೆಯ ಮೇಲೆ ಮೂರು ತಿಂಗಳ ಬಡ್ಡಿ, ವರ್ಷಕ್ಕೆ ನೂರಕ್ಕೆ 12ರಂತೆ: 2,940 ರೂ.
ಒಟ್ಟು ವೆಚ್ಚ: 1,29,180 ರೂ.

ಒಂದು ಮರಿ ಸತ್ತಿತೆಂದು ಹಿಡಿದು, ಉಳಿದ 19 ಮರಿಗಳು ತಲಾ 22.1 ಕೆ.ಜಿ. ತೂಗಿದರೆ ಬರತಕ್ಕ ಹಣ 1,46,965 ರೂ. ಮಿಗುವುದು 17,785 ರೂ. ಗೊಬ್ಬರದ ಬೆಲೆಯನ್ನು ಇದರಲ್ಲಿ ಸೇರಿಸಿಲ್ಲ.

ಇದೇ ಮರಿಗಳನ್ನು ತಿಂಡಿಯಿಲ್ಲದೆ, ಉಪಚರಿಸದ ಹುಲ್ಲು ಮತ್ತು ಕೂಳೆಯ ಮೇವಿನಿಂದಲೇ ಇಟ್ಟುಕೊಂಡು ದಿನಕ್ಕೆ 30 ಗ್ರಾಂ ಮಾತ್ರ ಏರಿದುವೆಂದರೆ, 19 ಮರಿಗಳಿಂದ 1,11,055 ರೂ. ಬರುವುದು. ತಿಂಡಿ ಮತ್ತು ಉಪಚಾರದ ವೆಚ್ಚವನ್ನು ಕಳೆದರೂ ಉಳಿದ ವೆಚ್ಚ 1,13,980 ರೂ. ಆಗಿ, ಕೈಯಿಂದ 2,925 ರೂ. ಹೋಗುವುದು. ಖರ್ಚಿಲ್ಲದೆ ಸಾಕಿದೆವೆಂದು ತಿಳಿಯುವವರು ಬಡ್ಡಿಯನ್ನೂ ಮನೆಯವರ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯದಿರುವುದರಿಂದ ಈ ನಷ್ಟವು ಅವರಿಗೆ ಕಾಣುವುದಿಲ್ಲ. ಅರೆಹೊಟ್ಟೆಯಲ್ಲಿ ಮೂರು ತಿಂಗಳು ಇಟ್ಟುಕೊಳ್ಳುವುದಕ್ಕಿಂತ ಮೊದಲ ದಿನವೇ ಮಾರುವುದು ಮೇಲು. ಇಟ್ಟುಕೊಳ್ಳುವುದಾದರೆ ಸರಿಯಾಗಿ ಮೇಯಿಸುವುದು ಮೇಲು. ನಡುವಣ ದಾರಿಯೇ ನಷ್ಟದ ದಾರಿ.

ಉಪಚಾರವು ಎಲ್ಲಿ ಲಾಭಕರ, ಎಲ್ಲಿ ಅಲ್ಲ

ಮೇಲಿನ ಲಾಭವು ಉಪಚಾರದಿಂದಲೇ ಬಂದಿತೆಂದು ತಿಳಿಯಬಾರದು. ಹುಲ್ಲಿನ ಸಸಾರಜನಕವು ನೂರಕ್ಕೆ ಮೂರೂವರೆ ಪಾಲು ಏರಿದರೆ 810 ಕೆ.ಜಿ.ಗೆ ಸುಮಾರು 28 ಕೆ.ಜಿ. ಹೆಚ್ಚುವುದು. ಇದು ಹಿಂಡಿಯ ಸತ್ವದಷ್ಟು ಉತ್ತಮವಾದುದಲ್ಲವಾದುದರಿಂದ ಅರ್ಧವನ್ನೇ ಲೆಕ್ಕಕ್ಕೆ ಹಿಡಿದರೆ 14 ಕೆ.ಜಿ. ಕಡಲೆಕಾಯಿ ಹಿಂಡಿಯಲ್ಲಿ ಇಷ್ಟು ಸತ್ವವು 35 ಕೆ.ಜಿ.ಯಲ್ಲಿ ದೊರೆಯುವುದು, ಕೆ.ಜಿ.ಗೆ 45ರಂತೆ ಅದರ ಬೆಲೆ 1,575 ರೂ. ಉಪಚಾರಕ್ಕೆ ತಗುಲಿದುದು 1,700 ರೂ. ಹುಲ್ಲು ಹೆಚ್ಚಾಗಿ ಅರಗುವ ಪ್ರಯೋಜನವನ್ನು ಸೇರಿಸಿದರೆ ಮಾತ್ರ ತಕ್ಕಡಿಯು ಉಪಚಾರದ ಕಡೆಗೆ ವಾಲುವುದು. ಬೇಸಗೆಯ ಬಿಡುವಿನಲ್ಲಿ ಮನೆಯವರೇ ಕೆಲಸ ಮಾಡಿದರೆ ಕೈಯಿಂದ ಹೋಗುವ ಹಣ 700 ರೂ.ಗೆ ಇಳಿದು ಲಾಭವು ಸ್ಪಷ್ಟವಾಗುವುದು.

1980ರ ದಶಕದಿಂದ 1990ರ ದಶಕದ ಮೊದಲ ಭಾಗದವರೆಗೆ ಭಾರತ ಮತ್ತು ನೆದರ್ಲೆಂಡ್ಸ್ ದೇಶಗಳು ಕೂಡಿ ಬೆಳೆಯ ಉಳಿಕೆಗಳ ಮೇಲೆ ನಡೆಸಿದ ಸಂಶೋಧನಾ ಯೋಜನೆಯ ಅನುಭವವೂ ಇದನ್ನೇ ತಿಳಿಸುವುದು. ಹುಲ್ಲು ಹೇರಳವಾಗಿದ್ದು, ಹಸಿಮೇವು ಇಲ್ಲದೆ, ನೀರೂ ಆಳೂ ಸುಲಭವಾಗಿ ದೊರೆತು, ಪಶುವಿನ ಉತ್ಪನ್ನಕ್ಕೆ ಒಳ್ಳೆಯ ಬೆಲೆಯಿರುವ ಕಡೆಯಲ್ಲಿ ಯೂರಿಯಾ ಉಪಚಾರವು ಹೊಂದುವುದು; ಇವುಗಳಲ್ಲಿ ಒಂದೆರಡು ತಪ್ಪಿದರೂ ರೈತರು ಅದನ್ನು ಮುಂದುವರಿಸುವುದಿಲ್ಲ. ಕಾಲುವೆಯ ಬಯಲಿನಲ್ಲಿ, ಭತ್ತದ ಹುಲ್ಲೊಂದೇ ರಾಶಿಬಿದ್ದಿರುವ ಗ್ರಾಮಗಳಿಗೆ ಉಪಚಾರವು ಯೋಗ್ಯವಾದುದು. ಕಡಲೆಕಾಯಿ, ಹುರುಳಿ, ತೊಗರಿ ಬೆಳೆಯುವ ಖುಷ್ಕಿ ಗ್ರಾಮಗಳಲ್ಲಿಯಾದರೋ ಹುಲ್ಲಿಗೆ ಅರ್ಧದಷ್ಟು ಬಳ್ಳಿ ಅಥವಾ ಹೊಟ್ಟನ್ನು ಬೆರೆಸಿದರೆ ಯೂರಿಯಾದ ಗೊಡವೆಯಿಲ್ಲದೆಯೇ ಬಹುಮಟ್ಟಿಗೆ ಆ ಕೆಲಸವು ಸಾಧಿಸುವುದು. ಬದುವಿನ ಮೇಲಿನ ಅಗಸೆ, ಗೊಬ್ಬರದ ಗಿಡಗಳ ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದೂ ಹಿಂಡಿಯ ಖರ್ಚನ್ನು ತಗ್ಗಿಸುವುದು. ಆದುದರಿಂದ ಮೊದಲು ಹೊಟ್ಟು, ಆಮೇಲೆ ಸೊಪ್ಪು, ಆಮೇಲೆ ತಿಂಡಿ, ಇವು ಸಾಲದೆ ಹುಲ್ಲು ಮಾತ್ರ ಮಿಕ್ಕಿರುವಲ್ಲಿ ಉಪಚಾರ. ಇದೇ ಸರಿಯಾದ ಅನುಕ್ರಮ.

ತಕ್ಕಡಿಯ ನಿಯಮ

ಮೇಲಿನ ತಃಖ್ತೆಯಿಂದ ಪ್ರತಿಯೊಬ್ಬರೂ ನೆನಪಿನಲ್ಲಿಡಬಹುದಾದ ಒಂದು ನಿಯಮ ದೊರೆಯುವುದು. ಮರಿಗಳ ಬೆಲೆಯನ್ನು ಬಿಟ್ಟು ಉಳಿದ ಖರ್ಚು 31,180 ರೂ. ಅದನ್ನು 20 ಮರಿಗಳಿಗೂ 90 ದಿನಗಳಿಗೂ ಹಂಚಿದರೆ ಮರಿಯೊಂದಕ್ಕೆ ದಿನಕ್ಕೆ 17 ರೂ. ಚಿಲ್ಲರೆ. ಕೆ.ಜಿ.ಗೆ 350 ರೂ. ಧಾರಣೆಯಲ್ಲಿ ಇದನ್ನು ತೀರಿಸಲು ಮರಿಯು ದಿನಕ್ಕೆ 50 ಗ್ರಾಂ, ಎಂದರೆ ತಿಂಗಳಿಗೆ ಒಂದೂವರೆ ಕೆ.ಜಿ. ಏರಲೇಬೇಕು. ಇಪ್ಪತ್ತರಲ್ಲಿ ಒಂದು ಮರಿ ಸತ್ತರೆ ಉಳಿದವು ತಿಂಗಳಿಗೆ ಸುಮಾರು 1.8 ಕೆ.ಜಿ. ಏರಬೇಕು. ತಿಂಗಳಿಗೊಮ್ಮೆ ಬೆಳಿಗ್ಗೆ ಮೇವು ಹಾಕುವುದಕ್ಕೆ ಮುಂಚೆ ಪ್ರತಿಮರಿಯನ್ನೂ ತೂಗಿ ಬರೆದಿಟ್ಟು, ಈ ಮಿತಿಗಿಂತ ಕಡಮೆ ಏರಿದುವುಗಳನ್ನು ಮೊದಲು ಪರೀಕ್ಷಿಸಬೇಕು. ಜಂತು, ರೋಗ ಯಾವುದೂ ಇಲ್ಲದಿದ್ದರೆ ಮಾರಿಬಿಡಬೇಕು. ಕಣ್ಣಳತೆಯು ದಲ್ಲಾಳಿಗೆ ಅನುಕೂಲ; ತಕ್ಕಡಿಯು ಸಾಕುವವರಿಗೆ ಅನುಕೂಲ.

ಸಾವಿನಿಂದಾಗುವ ನಷ್ಟ

ತಃಖ್ತೆಯಲ್ಲಿ ಒಂದು ಮರಿಯ ಬದಲು ನಾಲ್ಕು ಮರಿಗಳು ಸತ್ತುವೆಂದು ಹಿಡಿದರೆ ಬರತಕ್ಕ ಹಣ 1,23,760 ರೂ.ಗೆ ಇಳಿಯುವುದು, ಲಾಭವೆಲ್ಲ ಕೊಚ್ಚಿಹೋಗಿ 5,420 ರೂ. ಮೈಮೇಲೆ ಬರುವುದು. ಆದುದರಿಂದ ಮೇವಿಗಿಂತ ಮೊದಲು ಮರಿಗಳ ಆರೋಗ್ಯವನ್ನು ಭದ್ರಪಡಿಸಬೇಕು. ಕಟ್ಟುವುದಕ್ಕೆ ಮುಂಚೆಯೇ ಜಂತುವಿನ ಔಷಧವನ್ನೂ, ಕರುಳುಬೇನೆ ಮತ್ತು ಹಿರೇಬೇನೆಯ ಲಸಿಕೆಗಳನ್ನೂ ಪಶುವೈದ್ಯರಿಂದ ಹಾಕಿಸತಕ್ಕದ್ದು. ಕಾಳಿನ ತಿಂಡಿಯನ್ನು ಒಮ್ಮೆಗೇ ಹೆಚ್ಚಾಗಿ ಕೊಟ್ಟರೆ ಕೊಬ್ಬಿದ ಮರಿಗಳೇ ಮೊದಲು ಕರುಳುಬೇನೆಗೆ ತುತ್ತಾಗುವುವು. 50 ಗ್ರಾಂನಿಂದ ಆರಂಭಿಸಿ ಎರಡು ವಾರಗಳಲ್ಲಿ 250 ಗ್ರಾಂಗೆ ಏರಿಸುವುದು ಕ್ಷೇಮಕರ.

ಮಾರಾಟದ ಕಾಲ

ಬೆಲೆಯಲ್ಲಿ ಕೆ.ಜಿ.ಗೆ 20 ರೂ. ಹೆಚ್ಚುಕಡಮೆಯಾದರೆ ಈ 19 ಮರಿಗಳಲ್ಲಿ 8,398 ರೂ. ವ್ಯತ್ಯಾಸವಾಗುವುದು. ಇದು ಯೂರಿಯಾದಿಂದ ಉಳಿಯುವ ಹಣಕ್ಕಿಂತ ಎಷ್ಟೋ ಹೆಚ್ಚು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೂ, ಬೇಸಗೆಯ ಮಾರಿಜಾತ್ರೆಗಳಿಗೂ ಗಿರಾಕಿ ಹೆಚ್ಚುವುದು. ಸಂಕ್ರಾಂತಿಗೆ ಮುಂಚೆ ಕಟ್ಟಿದ ಮರಿಗಳು ಯುಗಾದಿಯ ವೇಳೆಗೆ ಸಿದ್ಧವಾಗುವುವು. ಬಕ್ರೀದ್ ಹಬ್ಬವು ಪ್ರತಿವರ್ಷವೂ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ ಆ ವರ್ಷದ ತೇದಿಯನ್ನು ನೋಡಿಕೊಂಡು ಹಿಂದಕ್ಕೆ ಎಣಿಸಬೇಕು. ಉಪಚರಿಸುವ ಬಣವೆಯ ಕೆಲಸವನ್ನು ಮರಿ ಕಟ್ಟುವ ದಿನಕ್ಕೆ ಮೂರು ವಾರ ಮುಂಚೆಯೇ ಮುಗಿಸಿರಬೇಕು. 20 ಮರಿಗಳಿಗೆ ದಿನಕ್ಕೆ 9 ಕೆ.ಜಿ.ಯಂತೆ ನಾಲ್ಕು ಕ್ವಿಂಟಾಲಿನ ಒಂದು ಬಣವೆಯು ಸುಮಾರು 45 ದಿನ ಬರುವುದು. ಅದು ತೀರುವುದಕ್ಕೆ ಮೂರು ವಾರ ಮೊದಲು ಎರಡನೆಯದನ್ನು ಮುಚ್ಚಿದರೆ ಕೊರತೆ ಬೀಳುವುದಿಲ್ಲ.

ಗ್ರಾಮಪ್ರಮುಖರ ಕರ್ತವ್ಯ

ಈ ಕಾರ್ಯದಲ್ಲಿ ಊರಿನ ಹಿರಿಯರಿಗೂ ಜಮೀನುದಾರರಿಗೂ ಮಾಡತಕ್ಕ ಕೆಲಸವುಂಟು. ಸುಗ್ಗಿಯ ಕಾಲದಲ್ಲಿಯೇ ಹೊಟ್ಟನ್ನೂ ಬಳ್ಳಿಯನ್ನೂ ಸುಡದಂತೆ, ನೆನೆಯದಂತೆ ಕಾಪಾಡಿಸುವುದು ಮೊದಲನೆಯದು. ಮೇವುಳ್ಳವರಿಗೂ ಕುರಿಗಳುಳ್ಳವರಿಗೂ ಒಡಂಬಡಿಕೆ ಮಾಡಿಸುವುದು ಎರಡನೆಯದು. ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಯಾಗಿ ಧಾನ್ಯವನ್ನೋ ಹಣವನ್ನೋ ಕೊಡುವ ಪದ್ಧತಿಯು ಈ ಸೀಮೆಗಳಲ್ಲಿ ಬಹುಕಾಲದಿಂದ ಇರುವುದು. ಅದೇ ರೀತಿಯಲ್ಲಿ ಮೇವಿಗೆ ಪ್ರತಿಯಾಗಿ ಗೊಬ್ಬರವನ್ನೋ ಏರಿದ ತೂಕದಲ್ಲಿ ಒಂದು ಪಾಲನ್ನೋ ಗೊತ್ತುಮಾಡಿಕೊಳ್ಳಬಹುದು. ಊರಿಗೆ ಒಂದು ತೂಗುವ ತಕ್ಕಡಿಯನ್ನು ಎಲ್ಲರ ಉಪಯೋಗಕ್ಕಾಗಿ ಇಡಿಸುವುದು ಮೂರನೆಯದು.

ಮೊದಲ ವರ್ಷದಲ್ಲಿಯೇ ಇಪ್ಪತ್ತು ಮರಿಗಳನ್ನು ಕಟ್ಟಬೇಕೆಂಬ ನಿರ್ಬಂಧವಿಲ್ಲ. ಒಬ್ಬರು ಐದು ಮರಿಗಳನ್ನು ಹೊಟ್ಟು ಬೆರೆಸಿದ ಹುಲ್ಲಿನಿಂದಲೂ, ಇನ್ನೊಬ್ಬರು ಐದು ಮರಿಗಳನ್ನು ಉಪಚರಿಸಿದ ಹುಲ್ಲಿನಿಂದಲೂ, ಒಂದೇ ತಿಂಡಿಯ ಮೇಲೆ ಮೂರು ತಿಂಗಳು ಸಾಕಿ, ತಿಂಗಳಿಗೊಮ್ಮೆ ಊರವರ ಮುಂದೆ ತೂಗಿ ನೋಡಲಿ. ಯಾವುದು ತಮ್ಮ ಊರಿಗೆ ಹೊಂದುವುದೆಂಬುದನ್ನು ಆ ಹತ್ತು ಮರಿಗಳ ತೂಕವೂ ಅವರ ಖರ್ಚಿನ ಪುಸ್ತಕವೂ ತಿಳಿಸುವುವು. ಹಾಗೆ ತಿಳಿದುಕೊಂಡ ಗ್ರಾಮದಲ್ಲಿ ಮುಂದಿನ ಸುಗ್ಗಿಯಲ್ಲಿ ಮರಿಗಳು ಬಡಕಲಾಗಿ ದಲ್ಲಾಳಿಯ ಗಾಡಿ ಹತ್ತುವ ಸಂದರ್ಭವು ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.